ಗ್ರಂಥದೊಳಗೆ ಬಾರದ ಶಿಶು

ಅಮೆರಿಕದ ಮಕ್ಕಳ ಸಾಹಿತ್ಯದಲ್ಲಿ ಲಾರಾ ಇಂಗಲ್ಸ್ ವೈಲ್ಡರ್ (1867–1957) ಬರೆದ 'ಪುಟ್ಟ ಮನೆ' ಗ್ರಂಥಮಾಲೆಗೆ ಹಿರಿಯ ಸ್ಥಾನವುಂಟು. ಪಶ್ಚಿಮದ ಹುಲ್ಲುಗಾವಲಿನಲ್ಲಿ ಹೊಸದಾಗಿ ನೆಲ ಹಿಡಿದ ಒಂದು ಒಕ್ಕಲು ಮನೆತನದ ಬಾಳನ್ನು ಲೇಖಕಿಯು ತನ್ನ ಬಾಲ್ಯಸ್ಮರಣೆಯಿಂದಲೇ ಅಲ್ಲಿ ಕಟ್ಟಿಕೊಟ್ಟಿದ್ದಾಳೆ. ತಂದೆ ಚಾರ್ಲ್ಸ್, ತಾಯಿ ಕ್ಯಾರೊಲಿನ್, ಮೇರಿ, ಲಾರಾ, ಕ್ಯಾರಿ, ಗ್ರೇಸ್ ಎಂಬ ನಾಲ್ವರು ಹೆಣ್ಣುಮಕ್ಕಳು. ಈ ಆರು ಮಂದಿಯನ್ನು ಓದುಗರು ನೆರೆಮನೆಯವರಂತೆ ಬಲ್ಲರು. ಆದರೆ ಆ ದಂಪತಿಗಳಿಗೆ ಒಬ್ಬ ಮಗನೂ ಹುಟ್ಟಿದ್ದನು. ಚಾರ್ಲ್ಸ್ ಫ್ರೆಡರಿಕ್ ಎಂಬ ಹೆಸರಿನ, ಮನೆಯವರು ಫ್ರೆಡಿ ಎಂದು ಕರೆಯುತ್ತಿದ್ದ ಆ ಶಿಶು 1875ರ ನವೆಂಬರ್ 1ರಂದು ಜನಿಸಿ, 1876ರ ಆಗಸ್ಟ್ 27ರಂದು ತೀರಿಕೊಂಡಿತು. ಗ್ರಂಥಮಾಲೆಯಲ್ಲಿ ಅದರ ಸುಳಿವೇ ಇಲ್ಲ.

ಶಿಶುವಿನ ಜನ್ಮಸ್ಥಳ ಮಿನೆಸೋಟ ಸಂಸ್ಥಾನದ ವಾಲ್ನಟ್ ಗ್ರೋವ್. ಒಕ್ಕಲಿಗರು ಹೊಸ ಸೀಮೆಯೆಂದು ಭಾವಿಸಿದ ಆ ನೆಲ ಡಕೋಟ ಜನರ ಹಳೆಯ ನಾಡು. 1862ರ ಯುದ್ಧದ ತರುವಾಯ ಅವರನ್ನು ಅಲ್ಲಿಂದ ಹೊರದೂಡಲಾಗಿತ್ತೆಂಬುದನ್ನು ಇಲ್ಲಿ ಮರೆಯಲಾಗದು. 1874ರಲ್ಲಿ ಇಂಗಲ್ಸ್ ಕುಟುಂಬ ಅಲ್ಲಿಗೆ ಬಂದು ಪ್ಲಮ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ನೆಲೆಸಿತು. ಆದರೆ 1873ರಿಂದ 1877ರವರೆಗೆ ಆ ಪ್ರಾಂತವನ್ನು ರಾಕಿ ಪರ್ವತದ ಮಿಡತೆಗಳು ಕಾಡಿದವು. ಮುಗಿಲಿನಂತೆ ಬಂದಿಳಿದು ಗೋಧಿಯ ಪೈರನ್ನು ಬುಡದವರೆಗೆ ತಿಂದು, ಮಣ್ಣಿನಲ್ಲಿ ಮೊಟ್ಟೆಯಿಟ್ಟು ಮುಂದಿನ ವರ್ಷದ ಬೆಳೆಗೂ ಮೃತ್ಯುವಾಗುತ್ತಿದ್ದವು. ಸಂಸ್ಥಾನದ ಗವರ್ನರ್ ಪಿಲ್ಸ್‌ಬರಿ 1877ರ ಏಪ್ರಿಲ್ 26ನ್ನು ಪ್ರಾರ್ಥನೆಯ ದಿನವೆಂದು ಸಾರಿದನು. ಆ ಬೇಸಿಗೆಯಲ್ಲಿ ಮಿಡತೆಗಳು ತೊಲಗಿದವು. ಫ್ರೆಡಿಯ ಪಾಲಿಗೆ ಆ ಪ್ರಾರ್ಥನೆ ಎಂಟು ತಿಂಗಳು ತಡವಾಗಿತ್ತು.

ಮಗ ಹುಟ್ಟಿದ ತಿಂಗಳ ಕೊನೆಯಲ್ಲಿಯೇ ತಂದೆಯು ತಾನು ಸರ್ವಥಾ ನಿರ್ಗತಿಕನೆಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ, ಸರ್ಕಾರದ ಪರಿಹಾರದ ಹಿಟ್ಟನ್ನು ಪಡೆದನು. ಸ್ವಾವಲಂಬನೆಯನ್ನೇ ವ್ರತವೆಂದು ಬಗೆದ ಒಕ್ಕಲಿಗನಿಗೆ ಇದಕ್ಕಿಂತ ಮಿಗಿಲಾದ ಅವಮಾನ ಬೇರೊಂದಿರಲಾರದು. 1876ರ ಜುಲೈನಲ್ಲಿ ಜಮೀನನ್ನು ಮಾರಿ, ಕುಟುಂಬವು ಬಂಡಿ ಕಟ್ಟಿಕೊಂಡು ಪೂರ್ವಕ್ಕೆ ಹಿಂದಿರುಗಿತು. ಅಯೋವಾದ ಬರ್ ಓಕ್ ಎಂಬ ಊರಿನ ಹೋಟೆಲೊಂದರಲ್ಲಿ ದುಡಿಯುವುದೆಂದು ನಿಶ್ಚಯವಾಗಿತ್ತು. ಅಷ್ಟರವರೆಗೆ ಸೌತ್ ಟ್ರಾಯ್ ಬಳಿ ಚಾರ್ಲ್ಸನ ಸಹೋದರ ಪೀಟರನ ಹೊಲಮನೆಯಲ್ಲಿ ತಂಗಿದರು. ಅಲ್ಲಿ ಶಿಶುವು ಕಾಯಿಲೆ ಬಿದ್ದಿತು. ವೈದ್ಯನು ಬಂದನು, ಗುಣವಾಗಲಿಲ್ಲ. ಒಂಬತ್ತು ವರ್ಷದ ಲಾರಾ ಎಲ್ಲವನ್ನೂ ಕಂಡಳು. ಅವರು ಆ ಶಿಶುವನ್ನು ಅಲ್ಲಿಯೇ ಮಣ್ಣುಮಾಡಿ ಮುಂದೆ ಸಾಗಿದರು.

ಲೇಖಕಿ ತಮ್ಮನನ್ನು ಮರೆತಿದ್ದಳೆಂದು ಹೇಳುವಂತಿಲ್ಲ. 1930ರ ಸುಮಾರಿಗೆ ಬರೆದ 'ಪಯೊನಿಯರ್ ಗರ್ಲ್' ಎಂಬ ಆತ್ಮಕಥನದಲ್ಲಿ ಅವನ ಸಾವನ್ನು ಕೆಲವೇ ಮಾತುಗಳಲ್ಲಿ ದಾಖಲಿಸಿದ್ದಾಳೆ. ಆ ಹಸ್ತಪ್ರತಿ ಅಚ್ಚಾದುದು 2014ರಲ್ಲಿ. ಆದರೆ ಪ್ಲಮ್ ಕ್ರೀಕಿನ ಕಥೆ 1937ರಲ್ಲಿ ಹೊರಬಂದಾಗ ಮಗುವನ್ನು ಬಿಟ್ಟಳು. 1939ರ ಮುಂದಿನ ಗ್ರಂಥವು ಬರ್ ಓಕಿನ ದಿನಗಳನ್ನು ದಾಟಿಯೇ ಆರಂಭವಾಗುತ್ತದೆ. ಶಿಶುಮರಣವು ಎಳೆಯ ಓದುಗರಿಗೆ ತಕ್ಕುದಲ್ಲವೆಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನ. ಅದು ಪೂರ್ಣವೆಂದು ನನಗೆ ತೋರುವುದಿಲ್ಲ. ಮೇರಿಯ ಅಂಧತ್ವವನ್ನು ಮರೆಮಾಚದ ಲೇಖನಿಗೆ ಒಂದು ಮರಣ ಭಾರವಾಗುತ್ತಿತ್ತೆ? ಫ್ರೆಡಿಯನ್ನು ಹೇಳಿದರೆ ಪೂರ್ವಕ್ಕೆ ತಿರುಗಿದ ಬಂಡಿಯನ್ನು ಹೇಳಬೇಕು, ಪರಗೃಹದ ಆಶ್ರಯವನ್ನು ಹೇಳಬೇಕು, ಬಾಡಿಗೆ ತೀರಿಸಲಾರದೆ ಬರ್ ಓಕನ್ನು ರಾತ್ರಿಯಲ್ಲಿ ಬಿಟ್ಟುಬಂದುದನ್ನೂ ಹೇಳಬೇಕು. ಪಶ್ಚಿಮಾಭಿಮುಖವಾಗಿಯೇ ನಡೆಯುವ ಕಥೆಗೆ ಇವೆಲ್ಲ ವಿಘ್ನ. ತಂದೆಯ ಮಾನವನ್ನು ಕಾಯಹೋಗಿ ಮಗಳು ತಮ್ಮನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕಾದಂಬರಿಕಾರ್ತಿಗೆ ಆ ಸ್ವಾತಂತ್ರ್ಯವುಂಟು, ಚರಿತ್ರಕಾರನಿಗಿಲ್ಲ.

1889ರ ಆಗಸ್ಟಿನಲ್ಲಿ, ಡಕೋಟದ ಡಿ ಸ್ಮೆಟ್ ಬಳಿಯ ಹೊಲದಲ್ಲಿ ಲಾರಾಳ ಸ್ವಂತ ಗಂಡುಮಗುವೂ ಹೆಸರಿಡುವ ಮೊದಲೇ ಅಳಿಯಿತು. ಆ ಸಾವನ್ನು ಹೇಳುವ ಅವಳ ಪುಸ್ತಕ ಪ್ರಕಟವಾದುದು ಅವಳು ಗತಿಸಿ ಹದಿನಾಲ್ಕು ವರ್ಷಗಳ ಮೇಲೆ, 1971ರಲ್ಲಿ.