ಅಲಮೇಲಮ್ಮನ ಶಾಪದ ಲೆಕ್ಕ

1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ವಶಪಡಿಸಿಕೊಂಡರು. ಇಷ್ಟು ಇತಿಹಾಸ. ಮುಂದಿನದು ಐತಿಹ್ಯ. ತಿರುಮಲರಾಯನ ರಾಣಿ ಅಲಮೇಲಮ್ಮನ ಬಳಿ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳಿದ್ದವು. ಮೈಸೂರಿನ ಆಳುಗಳು ಅವುಗಳಿಗಾಗಿ ಬೆನ್ನುಹತ್ತಿದಾಗ ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು, ಉಳಿದವನ್ನು ಮಡಿಲಿಗೆ ಕಟ್ಟಿಕೊಂಡು, ಮಾಲಂಗಿಯ ಬಳಿ ಕಾವೇರಿಗೆ ಹಾರಿದಳಂತೆ. ತಲಕಾಡು ಮರಳಾಗಬೇಕು, ಮಾಲಂಗಿ ಮಡುವಾಗಬೇಕು, ಮೈಸೂರಿನ ದೊರೆಗಳಿಗೆ ಮಕ್ಕಳಾಗಬಾರದು ಎಂಬುದು ಆಕೆಯ ಶಾಪ.

ಮೊದಲ ಮಾತಿಗೆ ಸಾಕ್ಷಿ ಕಣ್ಣೆದುರಿಗೇ ಇದೆ. ಗಂಗರ ರಾಜಧಾನಿಯಾಗಿದ್ದ, ವಿಷ್ಣುವರ್ಧನನು ಚೋಳರಿಂದ ಗೆದ್ದು ಕೀರ್ತಿನಾರಾಯಣ ಗುಡಿ ಕಟ್ಟಿಸಿದ ತಲಕಾಡಿನ ಹಲವು ದೇಗುಲಗಳು ಮರಳಿನಲ್ಲಿ ಹೂತಿವೆ. ಆದರೆ ಊರಿರುವುದು ಕಾವೇರಿ ಥಟ್ಟನೆ ತಿರುಗುವ ಕಡೆ. ನೀರು ಇಳಿದಾಗ ಬಯಲಾಗುವ ಮರಳನ್ನು ಮುಂಗಾರಿನ ಗಾಳಿ ಹೊತ್ತು ತಂದು ದಿಬ್ಬ ಮಾಡುತ್ತದೆ. ಮೇಲ್ಭಾಗದಲ್ಲಿ ಕಟ್ಟಿದ ಮಾಧವಮಂತ್ರಿ ಕಟ್ಟೆಯಿಂದ ಹರಿವು ತಗ್ಗಿ ಮರಳು ಹೆಚ್ಚಿತೆಂಬ ವಿವರಣೆಯೂ ಇದೆ. ಆ ಕಟ್ಟೆ 14ನೇ ಶತಮಾನದ್ದೆಂದು ಹೇಳುತ್ತಾರೆ. ಅಂದರೆ ಶಾಪಕ್ಕಿಂತ ಎರಡು ಶತಮಾನಕ್ಕೂ ಹಳೆಯದು.

ಮೂರನೆಯ ಮಾತಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ರಾಜ ಒಡೆಯರ ಮಕ್ಕಳು ತಂದೆಗಿಂತ ಮೊದಲೇ ತೀರಿಕೊಂಡು, 1617ರಲ್ಲಿ ಪಟ್ಟ ಮೊಮ್ಮಗನಿಗೆ ಹೋಯಿತು. ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಮಕ್ಕಳಿಲ್ಲದ ನಾಲ್ವಡಿ ಕೃಷ್ಣರಾಜರ ನಂತರ ತಮ್ಮನ ಮಗ ಜಯಚಾಮರಾಜರು ಬಂದರು. ಇವನ್ನೆಲ್ಲ ಜನ ಎಣಿಸಿಕೊಂಡರು. ಚಿಕ್ಕದೇವರಾಜರಿಂದ ಮಗನಿಗೆ, ಅಲ್ಲಿಂದ 1714ರಲ್ಲಿ ಮೊಮ್ಮಗನಿಗೆ ಸಿಂಹಾಸನ ನೇರವಾಗಿ ಇಳಿದದ್ದನ್ನು ಮಾತ್ರ ಯಾರೂ ಎಣಿಸಲಿಲ್ಲ. ನಾಲ್ವಡಿಯವರೇ ಚಾಮರಾಜೇಂದ್ರರ ಹೊಟ್ಟೆಯ ಮಗ. ಶಾಪಕ್ಕೆ ಇದು ಹೊಂದದಾದಾಗ ಕಥೆಯೇ ಸರಿದು ಜಾಗ ಕೊಟ್ಟಿತು: ಮಕ್ಕಳಾಗುವುದೇ ಇಲ್ಲ ಎಂಬುದು ಹೋಗಿ, ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ದತ್ತು ಎಂಬ ನಿಯಮ ಹುಟ್ಟಿಕೊಂಡಿತು.

ಅರಮನೆಯೂ ಕಥೆಯನ್ನು ತಳ್ಳಿಹಾಕಲಿಲ್ಲ. ಅಲಮೇಲಮ್ಮನ ಮೂರ್ತಿಗೆ ಅಲ್ಲಿ ಪೂಜೆ ಸಲ್ಲುತ್ತದೆ. ಅರಸರೇ ಕೈಮುಗಿಯುವಾಗ ಪ್ರಜೆಗಳು ಅನುಮಾನಿಸುವುದು ಹೇಗೆ? 2013ರಲ್ಲಿ ಶ್ರೀಕಂಠದತ್ತ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡು, 2015ರಲ್ಲಿ ಯದುವೀರರು ದತ್ತುಪುತ್ರರಾದಾಗ ಹಳೆಯ ಮಾತಿಗೆ ಹೊಸ ಬಲ ಬಂತು. 2017ರ ಡಿಸೆಂಬರಿನಲ್ಲಿ ಯದುವೀರರಿಗೆ ಗಂಡುಮಗುವಾದಾಗ, ನಾಲ್ಕು ಶತಮಾನದ ಶಾಪ ಕೊನೆಗೂ ವಿಮೋಚನೆಯಾಯಿತೆಂದು ಸುದ್ದಿಯಾಯಿತು.