ಮಟೊನಬಿಯ ಹಿಂದೆ ನಡೆದವನು

ನಾಯಕ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ವೇದಿಕೆ, ಹೂವಿನ ಹಾರ, ಧ್ವನಿವರ್ಧಕ. ಆದುದರಿಂದ, ನಾಯಕತ್ವ ಕಲಿಯುವುದಕ್ಕೆಂದೇ ಅಮೆರಿಕದ ಹುಡುಗ ಹುಡುಗಿಯರು ಬೆನ್ನಿಗೆ ಗಂಟುಮೂಟೆ ಬಿಗಿದುಕೊಂಡು, ಅಲಾಸ್ಕದಲ್ಲಿಯೂ ಕೆನಡದ ಉತ್ತರ ಭಾಗದಲ್ಲಿಯೂ ನದಿ ಬಂದರೆ ದೋಣಿ ಹುಟ್ಟುಹಾಕುತ್ತ, ನೀರು ಮುಗಿದರೆ ಆ ದೋಣಿಯನ್ನೇ ಹೊತ್ತು ನಡೆಯುತ್ತ ವಾರಗಟ್ಟಲೆ ಅಲೆಯುತ್ತಾರೆಂದು ಮೊದಲು ಓದಿದಾಗ ನನಗೆ ನಗು ಬಂದಿತ್ತು. 1938ರಲ್ಲಿ ಕೆ-2 ಶಿಖರವನ್ನು ಏರಹೊರಟ ತಂಡದಲ್ಲಿದ್ದ ಪಾಲ್ ಪೆಟ್ಜೋಲ್ಟ್ ಎಂಬ ಪರ್ವತಾರೋಹಿ 1965ರಲ್ಲಿ ವಯೋಮಿಂಗ್ ಸಂಸ್ಥಾನದಲ್ಲಿ ಇಂಥದೊಂದು ಶಾಲೆಯನ್ನು ತೆರೆದ. ಇಂಥ ಶಿಬಿರಗಳಲ್ಲಿ ದಿನಕ್ಕೊಬ್ಬ ವಿದ್ಯಾರ್ಥಿ ನಾಯಕ; ಮರುದಿನ ಅವನೇ ಹಿಂಬಾಲಕ. ಇದೇನು ಆಟವೋ ಎಂದುಕೊಂಡಿದ್ದೆ. ಸ್ಯಾಮ್ಯುಯಲ್ ಹರ್ನ್ ಎಂಬ ಆಂಗ್ಲನ ಪ್ರವಾಸಕಥನವನ್ನು ಓದಿದ ಮೇಲೆ ನಗು ನಿಂತಿತು. ಅದೇ ಉತ್ತರ ದೇಶದಲ್ಲಿ, ಇನ್ನೂರೈವತ್ತು ವರ್ಷಗಳ ಹಿಂದೆ, ಆತ ಈ ವಿದ್ಯೆಗೆ ದುಬಾರಿ ಗುರುದಕ್ಷಿಣೆಯನ್ನೇ ಕೊಟ್ಟಿದ್ದ.

ಹರ್ನ್ ಹಡ್ಸನ್ ಕೊಲ್ಲಿ ಕಂಪನಿಯ ನೌಕರ. ಚರ್ಚಿಲ್ ನದಿಯ ಮುಖದಲ್ಲಿ ಕಂಪನಿಯವರು ಕಟ್ಟಿದ್ದ ಕಲ್ಲಿನ ಕೋಟೆಯಲ್ಲಿ ಅವನ ಠಾಣ್ಯ. ದೂರದ ಉತ್ತರದಲ್ಲಿ ತಾಮ್ರ ದೊರೆಯುವ ಒಂದು ನದಿಯುಂಟೆಂದು ಸುದ್ದಿ ಬಂದಾಗ, ಅದನ್ನು ನೋಡಿಕೊಂಡು ಬರಲು ಕೋಟೆಯ ಅಧಿಕಾರಿ ಮೋಸೆಸ್ ನಾರ್ಟನ್ ಈ ತರುಣನನ್ನು ಕಳಿಸಿದ. 1769ರ ನವೆಂಬರ್ 6ರಂದು ಹೊರಟ ಹರ್ನ್ ಡಿಸೆಂಬರ್ 11ಕ್ಕೆ ಕೋಟೆಗೆ ಮರಳಿದ್ದ! ಇನ್ನೂರು ಮೈಲಿಯ ಸುಮಾರಿಗೆ ಮಾರ್ಗದರ್ಶಕನೂ ಅವನ ಕಡೆಯವರೂ ಇವನನ್ನು ಹಿಮದಲ್ಲಿ ಬಿಟ್ಟು, ಕಾಡೆಲ್ಲ ಕೇಳುವಂತೆ ನಗುತ್ತ ಹೊರಟುಹೋಗಿದ್ದರು.

ಎರಡನೆಯ ಸಲ, 1770ರ ಫೆಬ್ರವರಿಯಲ್ಲಿ, ಹರ್ನ್ ಒಬ್ಬನೇ ಬಿಳಿಯನಾಗಿ ಹೊರಟ. ಬೆನ್ನ ಮೇಲೆ ಅರವತ್ತು ಪೌಂಡಿಗೆ ಮಿಕ್ಕ ಹೊರೆ: ಅಕ್ಷಾಂಶ ಅಳೆಯುವ ಕ್ವಾಡ್ರಂಟು, ಅದರ ಕಾಲು, ಪುಸ್ತಕ ಕಾಗದಗಳ ಪೆಟ್ಟಿಗೆ, ದಿಕ್ಸೂಚಿ, ಬಟ್ಟೆಬರೆ, ದಾರಿಯ ಜನಕ್ಕೆ ಕೊಡಬೇಕಾದ ಉಡುಗೊರೆಗಳು. ಬೇಟೆ ಸಿಕ್ಕಿದ ದಿನ ಹೊಟ್ಟೆ ಬಿರಿಯುವಷ್ಟು ಊಟ. ಸಿಕ್ಕದ ದಿನ ಹೊಗೆಸೊಪ್ಪು ಮತ್ತು ನೀರು. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ, ಕ್ವಾಡ್ರಂಟನ್ನು ನಿಲ್ಲಿಸಿ ಊಟಕ್ಕೆ ಕುಳಿತಿದ್ದಾಗ ಗಾಳಿ ಬೀಸಿ ಅದು ಬಿದ್ದು ಮುರಿಯಿತು. ಮರುದಿನ ಯಾರೋ ಅಪರಿಚಿತರು ಬಂದು ಉಳಿದುದನ್ನು ದೋಚಿದರು. ಹೊರೆ ಇಳಿದುದರಿಂದ ಕೋಟೆ ಬಿಟ್ಟ ಮೇಲೆ ಅಷ್ಟು ಹಗುರವಾಗಿ ನಡೆದದ್ದು ಅದೇ ಮೊದಲು ಎಂದು ಆತ ಬರೆದುಕೊಂಡಿದ್ದಾನೆ. ಈ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ ಮಾತಿನಿಂದ.

ಚಳಿ ಬಂದಿತು. ಹರ್ನನಿಗೆ ಬೆಚ್ಚನೆಯ ಉಡುಪಿಲ್ಲ, ಗುಡಾರವಿಲ್ಲ, ಹಿಮದ ಮೇಲೆ ನಡೆಯುವ ಪಾದುಕೆಯಿಲ್ಲ. ಸೆಪ್ಟೆಂಬರ್ 20ರಂದು ಹಿಂದಿನಿಂದ ಬಂದು ಕೂಡಿಕೊಂಡವನು ಮಟೊನಬಿ. ಚಿಪೆವಯನ್ ಕುಲದ ಮುಖಂಡ, ಸುಮಾರು ಆರಡಿ ಎತ್ತರದ ಆಳು. ಆತ ಮೊದಲು ಮಾಡಿದ ಕೆಲಸವೆಂದರೆ ನೀರುನಾಯಿ ಮುಂತಾದವುಗಳ ಚರ್ಮದಿಂದ ಉಡುಪು ಹೊಲಿಸಿ ಹರ್ನನಿಗೆ ತೊಡಿಸಿದ್ದು. ಬುದ್ಧಿವಾದ ಬಂದದ್ದು ಆಮೇಲೆ. ನಿನ್ನ ಮಾರ್ಗದರ್ಶಕ ಅಯೋಗ್ಯ. ಅದಕ್ಕಿಂತ ಹೆಚ್ಚಾಗಿ, ಹೆಂಗಸರನ್ನು ಕರೆದುಕೊಳ್ಳದೆ ಹೊರಟ ನಿಮ್ಮ ಏರ್ಪಾಡೇ ತಪ್ಪು ಎಂದ. ಹೊರೆ ಹೊರುವವರು, ಗುಡಾರ ಹೂಡುವವರು, ಬಟ್ಟೆ ಹೊಲಿದು ತೇಪೆ ಹಾಕುವವರು ಅವರೇ ಆಗಿದ್ದರು. ಗಂಡಸರೆಲ್ಲ ಮೂಟೆ ಹೊತ್ತರೆ ಬೇಟೆಯಾಡುವವರು ಯಾರು? ಹೆಂಗಸರು ಬೇಡವೆಂದು ಕೋಟೆಯೊಳಗೆ ಬೆಚ್ಚಗೆ ಕುಳಿತು ತೀರ್ಮಾನಿಸಿದ್ದವನು ನಾರ್ಟನ್.

1770ರ ಡಿಸೆಂಬರ್ 7ರಂದು ಹರ್ನ್ ಮೂರನೆಯ ಸಲ ಹೊರಟ, ಈ ಬಾರಿ ಮಟೊನಬಿಯ ಹಿಂದೆ. ಹೋಗಬೇಕಾದದ್ದು ಉತ್ತರಕ್ಕೆ, ಮಟೊನಬಿ ನಡೆದದ್ದು ಪಶ್ಚಿಮಕ್ಕೆ. ಮರಗಳು ಬೆಳೆಯುವ ಸೀಮೆಯ ಅಂಚು ಹಿಡಿದು, ಕ್ಯಾರಿಬೂ ಜಿಂಕೆಗಳ ಹಿಂಡು ಎಲ್ಲಿಯೋ ಅಲ್ಲಿ ಬಿಡಾರ ಹೂಡುತ್ತ, ಚಳಿಗಾಲವೆಲ್ಲ ಹಾಗೆಯೇ ಕಳೆಯಿತು. ಬೋಳು ನೆಲಕ್ಕೆ ಕಾಲಿಡುವ ಮುನ್ನ ಭೂರ್ಜದ ಉದ್ದನೆಯ ಗಳುಗಳನ್ನು ಕಡಿದುಕೊಂಡರು. ಬೇಸಗೆಯಲ್ಲಿ ಅವು ಗುಡಾರದ ಗಳು. ಚಳಿ ಮರಳಿದಾಗ ಅವನ್ನೇ ಸೀಳಿ ಹಿಮಪಾದುಕೆಯ ಚೌಕಟ್ಟು. ಮೇ ತಿಂಗಳಲ್ಲಿ ದೋಣಿ ಕಟ್ಟಿದರು. ಹಿಂದೆ ಹಿಮಾಲಯದ ಕಡೆ ಗ್ರಂಥ ಬರೆಯಲು ಬಳಸುತ್ತಿದ್ದ ಭೂರ್ಜದ ಜಾತಿಯ ಮರದ ತೊಗಟೆಯೇ ಇಲ್ಲಿ ದೋಣಿಯ ಮೈ. ಸಲಕರಣೆ ಒಂದು ಕೈಗೊಡಲಿ, ಒಂದು ಚೂರಿ, ಒಂದು ಅರ, ಒಂದು ದಬ್ಬಳ, ಅಷ್ಟೆ. ಹನ್ನೆರಡು ಹದಿಮೂರು ಅಡಿ ಉದ್ದ, ಎರಡಡಿಗೆ ಮೀರದ ಅಗಲ. ನೋಡಲು ಮಗ್ಗದ ಲಾಳಿಯಂತೆ. ಒಬ್ಬನೇ ಹೊತ್ತು ನಡೆಯಬಹುದಾದಷ್ಟು ಹಗುರ. ಕೆಲವೊಮ್ಮೆ ನೂರೈವತ್ತು ಮೈಲಿ ಹೊತ್ತರೂ ನೀರಿಗಿಳಿಸುವ ಪ್ರಸಂಗ ಬರುತ್ತಿರಲಿಲ್ಲ. ಆದರೂ ಯಾರೂ ಅದನ್ನು ಬಿಸಾಡಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಟೊನಬಿಯನ್ನು ಆದರ್ಶಪುರುಷನೆಂದು ಬಣ್ಣಿಸುವ ಆಸೆ ನನಗಿಲ್ಲ. ಆ ಪ್ರಯಾಣದಲ್ಲಿ ಒಬ್ಬ ಹೆಂಗಸು ಹೆಚ್ಚುಕಡಮೆ ಐವತ್ತೆರಡು ಗಂಟೆ ನೋವು ತಿಂದು ಹೆತ್ತಳು. ಹೆತ್ತೊಡನೆಯೇ ಬಿಡಾರ ಹೊರಟಿತು; ಕೂಸನ್ನು ಬೆನ್ನಿಗೆ ಹಾಕಿಕೊಂಡು ಅವಳೂ ನಡೆದಳು. ಅವಳ ಜಾರುಬಂಡಿಯನ್ನು ಇನ್ನೊಬ್ಬರು ಎಳೆದುಕೊಟ್ಟದ್ದು ಒಂದೇ ದಿನ. ಆಹಾರ ಸಾಲದಿದ್ದಾಗ ಉಪವಾಸ ಬೀಳುತ್ತಿದ್ದವರೂ ಹೆಂಗಸರೇ. ಮಟೊನಬಿಯ ಜಾಣತನ ನಿಂತಿದ್ದದ್ದು ಇಂಥ ಬೆನ್ನುಗಳ ಮೇಲೆ. ಹರ್ನ್ ಅದನ್ನು ಕಂಡ, ಬರೆದ. ಅದರ ಪ್ರಯೋಜನವನ್ನೂ ಪಡೆದ.

ಇದಕ್ಕಿಂತ ಘೋರವಾದದ್ದು 1771ರ ಜುಲೈ 17ರಂದು ನಡೆಯಿತು. ತಾಮ್ರದ ನದಿಯ ದಡದಲ್ಲಿ ಮಲಗಿದ್ದ ಇನ್ಯುಯಿಟ್ ಜನರ ಮೇಲೆ ಹಳೆಯ ಹಗೆಯಿಂದ ಮಟೊನಬಿಯ ಕಡೆಯವರು ರಾತ್ರಿಯಲ್ಲಿ ಬಿದ್ದು, ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರೆಂದು ಹರ್ನ್ ಬರೆದಿದ್ದಾನೆ. ಆತ ಬೇಡವೆಂದಾಗ ಹೇಡಿ ಎಂದು ಹಂಗಿಸಿದರಂತೆ. ಒಂದು ಹುಡುಗಿ ಅವನ ಕಾಲನ್ನು ತಬ್ಬಿಕೊಂಡೇ ಈಟಿಯ ತಿವಿತದಿಂದ ಸತ್ತಳು. ಮುದ್ರಿತ ಪುಸ್ತಕದ ಈ ವರ್ಣನೆ ಎಷ್ಟು ಬೆಳೆದದ್ದು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯುಂಟು. ಹಿಂದೆ ನಡೆಯಲು ಒಪ್ಪಿದವನು ಇಂಥಲ್ಲಿಗೂ ಹೋಗಿ ನಿಲ್ಲಬೇಕಾಯಿತು. ಇಷ್ಟಾಗಿ ತಾಮ್ರ? ಸಿಕ್ಕಿದ ಒಳ್ಳೆಯ ಗಟ್ಟಿ ಒಂದೇ, ನಾಲ್ಕು ಪೌಂಡಿನದು. 1772ರ ಜೂನ್ 30ರಂದು ಹರ್ನ್ ಜೀವಸಹಿತ ಕೋಟೆಗೆ ಮರಳಿದ. ಉತ್ತರ ಅಮೆರಿಕದ ನೆಲದ ಮೇಲೆ ನಡೆದು ಉತ್ತರ ಸಮುದ್ರವನ್ನು ಕಂಡ ಮೊದಲ ಐರೋಪ್ಯ ಆತ.

1782ರಲ್ಲಿ ಫ್ರೆಂಚರು ಹಡಗುಗಳಲ್ಲಿ ಬಂದಾಗ, ಆ ಹೊತ್ತಿಗೆ ಕೋಟೆಯ ಅಧಿಕಾರಿಯಾಗಿದ್ದ ಹರ್ನ್ ಒಂದು ಗುಂಡನ್ನೂ ಹಾರಿಸದೆ ಕೋಟೆಯನ್ನು ಒಪ್ಪಿಸಿದ. ಕೋಟೆ ಬಿದ್ದ ಸುದ್ದಿ ಕೇಳಿ ಮಟೊನಬಿ ನೇಣು ಹಾಕಿಕೊಂಡ. ಆ ಚಳಿಗಾಲದಲ್ಲಿ ಅವನ ಆರು ಮಂದಿ ಹೆಂಡಿರೂ ನಾಲ್ಕು ಮಕ್ಕಳೂ ಹಸಿವಿನಿಂದ ಸತ್ತರು.

ಹರ್ನನ ಪುಸ್ತಕ 1795ರಲ್ಲಿ ಅಚ್ಚಾಯಿತು. ಅದೇ ತಾಮ್ರದ ನದಿಯ ದಾರಿ ಹಿಡಿದು 1819ರಲ್ಲಿ ಹೊರಟ ನೌಕಾಧಿಕಾರಿ ಜಾನ್ ಫ್ರಾಂಕ್ಲಿನ್‌ಗೆ ಆ ಪಾಠ ಅರ್ಧ ಮಾತ್ರ ಹತ್ತಿತ್ತು. ಅವನಿಗೂ ಒಬ್ಬ ಮುಖಂಡ ದೊರೆತಿದ್ದ: ಯೆಲ್ಲೋನೈಫ್ ಕುಲದ ಅಕೈಚೊ. ಚಳಿ ಹತ್ತಿರವಾಗಿದೆ, ಈಗ ಸಮುದ್ರಕ್ಕೆ ಹೋದರೆ ಸಾವೇ ಎಂದು 1820ರಲ್ಲಿ ಅವನು ತಡೆದಾಗ ಫ್ರಾಂಕ್ಲಿನ್ ಮನಸ್ಸಿಲ್ಲದೆ ನಿಂತ. ಮರುವರ್ಷ ಸಮುದ್ರ ಸೇರಿದಾಗ ಅಕೈಚೊ ಜೊತೆಯಲ್ಲಿರಲಿಲ್ಲ. ಎರಡು ತೊಗಟೆದೋಣಿಗಳಲ್ಲಿ ತೀರ ಹಿಡಿದು ಹೋಗುತ್ತಲೇ ಇದ್ದು, ಹಿಂದಿರುಗಿದ್ದು ಆಗಸ್ಟ್ 18ರಂದು. ಆಗಲೇ ತಡವಾಗಿತ್ತು. ಬೋಳು ನೆಲವನ್ನು ನಡೆದು ದಾಟುವಾಗ, ಬೆನ್ನ ಮೇಲೆ ತೊಂಬತ್ತು ಪೌಂಡು ಹೊತ್ತಿದ್ದ ಆಳುಗಳಿಗೆ ದೋಣಿಯೂ ಮೇಲುಹೊರೆಯಾಯಿತು. ಒಂದು ಮುರಿಯಿತು, ಅದನ್ನು ಒಲೆಗೆ ಹಾಕಿದರು. ಇನ್ನೊಂದನ್ನೂ ಕಳೆದುಕೊಂಡರು. ಸೆಪ್ಟೆಂಬರ್ 26ರಂದು ತಾಮ್ರದ ನದಿ ಅಡ್ಡ ಬಂದಾಗ ದಾಟಲು ಏನೂ ಇರಲಿಲ್ಲ.

ನಡುಗುತ್ತ, ಬಂಡೆಯ ಮೇಲಿನ ಪಾಚಿ ತಿನ್ನುತ್ತ ಎಂಟು ದಿನ ದಡದಲ್ಲಿ ಕಳೆದರು. ಕೊನೆಗೆ ದುಭಾಷಿ ಪಿಯರ್ ಸೇಂಟ್ ಜರ್ಮೇನ್ ಕುರುಚಲು ಗಿಡದ ಕಡ್ಡಿಗಳನ್ನು ಹೆಣೆದು, ಹಾಸಿಗೆ ಸುತ್ತಿದ್ದ ಬಣ್ಣ ಬಳಿದ ಕ್ಯಾನ್‌ವಾಸನ್ನು ಮೇಲೆ ಬಿಗಿದು ಪುಟ್ಟ ದೋಣಿ ಮಾಡಿದ. ತುಂಗಭದ್ರೆಯ ಹರಿಗೋಲನ್ನು ಕಂಡವರಿಗೆ ಆ ಉಪಾಯ ಹೊಸದೆನಿಸದು. ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ತಂಟೆಕೋರ, ಇಂಗ್ಲೆಂಡಿಗೆ ಕರೆದೊಯ್ದು ವಿಚಾರಣೆ ಮಾಡಿಸುತ್ತೇನೆ ಎಂದು ಕೆಲವು ತಿಂಗಳ ಹಿಂದೆ ಫ್ರಾಂಕ್ಲಿನ್ ಗದರಿಸಿದ್ದದ್ದು ಇದೇ ಸೇಂಟ್ ಜರ್ಮೇನನನ್ನು. ಇಪ್ಪತ್ತು ಜನರಲ್ಲಿ ಸತ್ತವರು ಹನ್ನೊಂದು. ಸತ್ತವರಲ್ಲಿ ಬಹುಮಂದಿ ಮೂಟೆ ಹೊತ್ತ ಆಳುಗಳು.

ಉಳಿದವರು ಬೂಟಿನ ತೊಗಲನ್ನೂ ಹಳೆಯ ಮೂಳೆಗಳನ್ನೂ ಬೇಯಿಸಿಕೊಂಡು ಜೀವ ಹಿಡಿದಿದ್ದಾಗ, ನವೆಂಬರ್ 7ರಂದು ಅಕೈಚೊನ ಜನ ಮಾಂಸ ತಂದರು, ಸೌದೆ ಕಡಿದರು, ಅಲುಗಾಡಲಾರದವರನ್ನು ಮಕ್ಕಳಂತೆ ಸಾಕಿದರು. ಕೆಲವು ದಿನಗಳ ಮೇಲೆ ಅವರನ್ನು ಮುಖಂಡನ ಬಿಡಾರಕ್ಕೆ ಕರೆದೊಯ್ದರು. ತನಗಾಗಿ ಎಂದೂ ಒಲೆಯ ಮುಂದೆ ಕೂರದ ಅಕೈಚೊ ಅಂದು ತನ್ನ ಕೈಯಾರೆ ಅಡಿಗೆ ಮಾಡಿ ಅವರಿಗೆ ಬಡಿಸಿದ.