ರೆಮಿಂಗ್ಟನ್ 600 ಮ್ಯಾಗ್ನಮ್

ಅಮೆರಿಕದ ರೆಮಿಂಗ್ಟನ್ ಕಂಪನಿ 1965ರಲ್ಲಿ ಹೊರತಂದ ಗಿಡ್ಡ ಬೋಲ್ಟ್ ಆಕ್ಷನ್ ಬೇಟೆ ರೈಫಲ್. ಹಿಂದಿನ ವರ್ಷ ಬಂದ ಮಾಡೆಲ್ 600ರ ಹೆಚ್ಚು ಶಕ್ತಿಯ ರೂಪವಿದು. ಇದಕ್ಕೆಂದೇ ರೂಪಿಸಿದ .350 ರೆಮಿಂಗ್ಟನ್ ಮ್ಯಾಗ್ನಮ್ ತೋಟಾ ಗಿಡ್ಡವಾದರೂ ದಪ್ಪ. ಎಲ್ಕ್, ಮೂಸ್, ಕರಡಿಯಂಥ ದೊಡ್ಡ ಪ್ರಾಣಿಗಳಿಗೆ ಸಾಲುವಷ್ಟು ಬಲವುಳ್ಳದ್ದು.

ನಳಿಗೆ 18.5 ಅಂಗುಲ ಮಾತ್ರ. ಕಡಿದಾದ ಬೆಟ್ಟ ಹತ್ತುವಾಗ, ಪೊದೆಗಳ ನಡುವೆ ನುಸುಳುವಾಗ ಇದು ದೊಡ್ಡ ಅನುಕೂಲ. ಆದರೆ ಗಿಡ್ಡ ನಳಿಗೆಯಲ್ಲಿ ಗುಂಡಿನ ವೇಗ ಕುಗ್ಗುತ್ತದೆ, ಸಿಡಿತದ ಸದ್ದೂ ಬೆಂಕಿಯೂ ಹೆಚ್ಚುತ್ತವೆ. ಬಂದೂಕು ಹಗುರವಾದಷ್ಟೂ ಹೆಗಲಿಗೆ ಬೀಳುವ ಒದೆತ ಜೋರು. ಒದೆತಕ್ಕೆ ಅಂಜಿದವನ ಗುರಿ ತಪ್ಪುತ್ತದೆ, ಪ್ರಾಣಿ ಗಾಯಗೊಂಡು ನರಳುತ್ತದೆ. ಆದ್ದರಿಂದ ಇಂಥ ರೈಫಲ್ ಆರಿಸುವವರು ತೂಕಕ್ಕಿಂತ ಮೊದಲು ತಮ್ಮ ತಾಳಿಕೆಯನ್ನು ಅಳೆದುಕೊಳ್ಳಬೇಕು. ವಾಲ್ನಟ್ ಮತ್ತು ಬೀಚ್ ಮರದ ಪದರಗಳನ್ನು ಅಂಟಿಸಿ ಮಾಡಿದ ಹಿಡಿ ಗಟ್ಟಿಮುಟ್ಟಾಗಿತ್ತು.

ಉದ್ದ ನಳಿಗೆಯನ್ನೇ ಮೆಚ್ಚುತ್ತಿದ್ದ ಅಂದಿನ ಕೊಳ್ಳುಗರು ಇದನ್ನು ಒಪ್ಪಲಿಲ್ಲ. 1968ರಲ್ಲಿ ತಯಾರಿಕೆ ನಿಂತು, 20 ಅಂಗುಲ ನಳಿಗೆಯ ಮಾಡೆಲ್ 660 ಬಂತು. ಅದೂ 1971ರವರೆಗಷ್ಟೇ ಉಳಿಯಿತು. 1983ರ ಮಾಡೆಲ್ ಸೆವೆನ್ ಇದೇ ಗಿಡ್ಡ ರೈಫಲ್ ಕಲ್ಪನೆಯ ಮುಂದುವರಿಕೆ.